ವೈರಸ್‌ಗೆ ಆಂಟಿಬಯಾಟಿಕ್ ಏಕೆ ನಾಟುವುದಿಲ್ಲ?

ಜೀವಕೋಶ ಎಂದರೇನು, ವೈರಸ್‌ಗೆ ಜೀವವಿದೆಯೇ ಎಂಬುದು ಶಾಲಾ ವಿದ್ಯಾರ್ಥಿಗಳ ಪ್ರಶ್ನೆಗಳು. ಮನೆಯಲ್ಲಿ ಯಾರಿಗಾದರೂ ಜ್ವರ ಬಂದಾಗ ಯಾವ ಔಷಧಿ ಕೆಲಸ ಮಾಡುತ್ತದೆ ಎಂಬುದೂ ಈ ಪ್ರಶ್ನೆಗಳ ಉತ್ತರದಲ್ಲೇ ಇದೆ.

ಜೀವಕೋಶ ಎಂದರೇನು?
ಎಲ್ಲ ಜೀವಿಗಳ ದೇಹವೂ ಜೀವಕೋಶಗಳಿಂದ ಆಗಿದೆ. ಜೀವಕೋಶವು ಆಹಾರದಿಂದ ಶಕ್ತಿ ಪಡೆಯುತ್ತದೆ, ತನಗೆ ಬೇಕಾದ ಪ್ರೋಟೀನನ್ನು ತಯಾರಿಸಿಕೊಳ್ಳುತ್ತದೆ. ನಮ್ಮ ದೇಹದಲ್ಲಿ ಲಕ್ಷ ಕೋಟಿಗಳ ಲೆಕ್ಕದಲ್ಲಿ ಜೀವಕೋಶಗಳಿವೆ. ಬ್ಯಾಕ್ಟೀರಿಯಾಕ್ಕೆ ಇರುವುದು ಒಂದೇ ಒಂದು. ಅದು ಒಂದು ಎರಡಾಗಿ, ಎರಡು ನಾಲ್ಕಾಗಿ ತಾನೇ ಹೆಚ್ಚುತ್ತದೆ.

ವೈರಸ್ ಜೀವಿಯೇ?
ವೈರಸ್ ಜೀವಕೋಶವಲ್ಲ. ಅದು ಪ್ರೋಟೀನಿನ ಹೊದಿಕೆಯೊಳಗಿರುವ ಡಿಎನ್‌ಎ ಅಥವಾ ಆರ್‌ಎನ್‌ಎ ಅಷ್ಟೆ. ಹೊರಗಿದ್ದಾಗ ಉಣ್ಣುವುದಿಲ್ಲ, ಬೆಳೆಯುವುದಿಲ್ಲ. ನಮ್ಮ ಜೀವಕೋಶದೊಳಗೆ ಹೊಕ್ಕ ಮೇಲೆ ಅಲ್ಲಿನ ವ್ಯವಸ್ಥೆಯನ್ನೇ ಬಳಸಿಕೊಂಡು ತನ್ನ ಪ್ರತಿಗಳನ್ನು ಮಾಡಿಸಿಕೊಳ್ಳುತ್ತದೆ. ಆದ್ದರಿಂದ ಅದನ್ನು ಜೀವಿ ಮತ್ತು ನಿರ್ಜೀವ ವಸ್ತುಗಳ ಗಡಿಯಲ್ಲಿಡುತ್ತಾರೆ.

ಔಷಧಿಗೂ ಇದಕ್ಕೂ ಏನು ಸಂಬಂಧ?
ಅಮಾಕ್ಸಿಸಿಲಿನ್‌ನಂಥ ಆಂಟಿಬಯಾಟಿಕ್‌ಗಳು ಬ್ಯಾಕ್ಟೀರಿಯಾದ ಕೋಶಭಿತ್ತಿ ಕಟ್ಟಿಕೊಳ್ಳುವುದನ್ನು ತಡೆಯುತ್ತವೆ. ಅಜಿತ್ರೋಮೈಸಿನ್ ಅದರ ಪ್ರೋಟೀನ್ ತಯಾರಿಕೆಯನ್ನು ನಿಲ್ಲಿಸುತ್ತದೆ. ವೈರಸ್‌ನಲ್ಲಿ ಈ ಭಿತ್ತಿಯೂ ಇಲ್ಲ, ಪ್ರೋಟೀನ್ ತಯಾರಿಸುವ ವ್ಯವಸ್ಥೆಯೂ ಇಲ್ಲ. ಗೋಡೆಯೇ ಇಲ್ಲದ ಮೇಲೆ ಕೆಡವುವುದೇನನ್ನು?

ನಮ್ಮ ನಾಡಿನದೇ ಉದಾಹರಣೆ
1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತವು, ಸುತ್ತಲಿನ ಹಳ್ಳಿಗರಿಗೆ ತೀವ್ರ ಜ್ವರ ಬಂತು. ಪುಣೆಯಲ್ಲಿ 1952ರಲ್ಲಿ ಆರಂಭವಾಗಿದ್ದ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಇದಕ್ಕೆ ಹೊಸದೊಂದು ವೈರಸ್ ಕಾರಣವೆಂದು ಗುರುತಿಸಿದರು. ಆ ಕೇಂದ್ರವೇ ಇಂದಿನ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ವೈರಾಲಜಿ. ಆ ಕಾಯಿಲೆಯೇ ಉಣುಗು ಕಚ್ಚುವುದರಿಂದ ಹರಡುವ ಮಂಗನ ಕಾಯಿಲೆ. ಅದರ ವೈರಸ್ಸನ್ನು ಕೊಲ್ಲುವ ನಿರ್ದಿಷ್ಟ ಔಷಧಿ ಇಂದಿಗೂ ಇಲ್ಲ. ಜ್ವರ ಇಳಿಸುವುದು, ದೇಹದ ನೀರಿನಂಶ ಕಾಪಾಡುವುದು, ರಕ್ತಸ್ರಾವದ ಮೇಲೆ ನಿಗಾ ಇಡುವುದು ಇದರ ಚಿಕಿತ್ಸೆ.

ನೀವು ಏನು ಮಾಡಬೇಕು?
• ನೆಗಡಿ, ಜ್ವರ ಬಂದ ಕೂಡಲೇ ಮೆಡಿಕಲ್ ಅಂಗಡಿಯಲ್ಲಿ ಆಂಟಿಬಯಾಟಿಕ್ ಕೇಳಿ ತರಬೇಡಿ. ಸ್ಟ್ರಿಪ್ ಮೇಲೆ ಕೆಂಪು ಗೆರೆ ಇದ್ದರೆ ವೈದ್ಯರ ಚೀಟಿ ಬೇಕೇ ಬೇಕು.
• ವೈರಲ್ ಜ್ವರದ ಜೊತೆಗೆ ಬ್ಯಾಕ್ಟೀರಿಯಾ ಸೋಂಕೂ ಸೇರಿಕೊಳ್ಳಬಹುದು. ಆಗ ವೈದ್ಯರು ಆಂಟಿಬಯಾಟಿಕ್ ಬರೆದರೆ, ಹೇಳಿದಷ್ಟು ದಿನ ತೆಗೆದುಕೊಳ್ಳಿ.
• ಫ್ಲೂನಂಥ ಕೆಲವು ವೈರಸ್‌ಗಳಿಗೆ ಬೇರೆಯೇ ಔಷಧಿಗಳಿವೆ. ಅವು ಬೇಕೇ ಎಂಬುದನ್ನು ವೈದ್ಯರು ನಿರ್ಧರಿಸಲಿ.
• ಡೆಂಗಿ ಅಥವಾ ಮಂಗನ ಕಾಯಿಲೆಯ ಶಂಕೆಯಿದ್ದರೆ ಆಸ್ಪಿರಿನ್, ಐಬುಪ್ರೊಫೆನ್ ಬೇಡ. ಇವು ರಕ್ತಸ್ರಾವದ ಅಪಾಯ ಹೆಚ್ಚಿಸುತ್ತವೆ.
• ಮಲೆನಾಡಿನ ಕಾಡಿಗೆ ಹೋಗಿ ಬಂದ ಮೇಲೆ ಜ್ವರ ಬಂದರೆ ಆ ವಿಷಯವನ್ನು ವೈದ್ಯರಿಗೆ ತಪ್ಪದೆ ತಿಳಿಸಿ.
• ಉಸಿರಾಟದ ತೊಂದರೆ, ರಕ್ತಸ್ರಾವ, ಗೊಂದಲ ಅಥವಾ ಅತಿಯಾದ ಮಂಪರು ಕಂಡರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಬೇಡದಿದ್ದಾಗ ನುಂಗಿದ ಆಂಟಿಬಯಾಟಿಕ್ ವೈರಸ್ಸನ್ನು ಮುಟ್ಟುವುದಿಲ್ಲ. ದೇಹದಲ್ಲಿರುವ ಬ್ಯಾಕ್ಟೀರಿಯಾಗಳಿಗೆ ಮಾತ್ರ ಆ ಔಷಧಿಯನ್ನು ತಾಳಿಕೊಳ್ಳುವುದು ಅಭ್ಯಾಸವಾಗುತ್ತದೆ. ಮುಂದೆ ನಿಜಕ್ಕೂ ಬೇಕಾದಾಗ ಅದೇ ಔಷಧಿ ಕೈಕೊಡಬಹುದು.