ಬಾಲೂ ತಮ್ಮ

ಬಾಲೂ ತಮ್ಮ: ದಪ್ಪ ಮೈಕಟ್ಟಿನ, ದುಂಡು ಅಂಚಿನ, ತುಂಟ ಚಹರೆಯ ಕನ್ನಡ ಶೀರ್ಷಿಕೆ ಫಾಂಟ್. ಮುಂಬಯಿಯ ಏಕ್ ಟೈಪ್ ಸಂಸ್ಥೆ ಹಲವು ಭಾರತೀಯ ಲಿಪಿಗಳಿಗೆ ರೂಪಿಸಿದ ಬಾಲೂ ಕುಟುಂಬದ ಕನ್ನಡ ಸದಸ್ಯ. ತಮಿಳಿನ ತಂಬಿ, ತೆಲುಗಿನ ತಮ್ಮುಡು, ಮಲಯಾಳದ ಚೇಟ್ಟನ್ ಇದರ ಒಡಹುಟ್ಟುಗಳು. ಕನ್ನಡ ಅಕ್ಷರಗಳ ವಿನ್ಯಾಸ ದಿವ್ಯಾ ಕೌಶಿಕ್ ಮತ್ತು ಶುಚಿತಾ ಗ್ರೋವರ್ ಅವರದು. 2016ರಲ್ಲಿ ಗೂಗಲ್ ಫಾಂಟ್ಸ್‌ನಲ್ಲಿ ಮುಕ್ತ ಪರವಾನಗಿಯಡಿ ಬಿಡುಗಡೆಯಾಯಿತು.

ಕನ್ನಡ ಲಿಪಿಯನ್ನು ಇಷ್ಟು ದಪ್ಪಗೊಳಿಸುವುದು ಸುಲಭದ ಕೆಲಸವಲ್ಲ. ಉದಾಹರಣೆಗೆ, ಇಂಡಿ ತಾಲ್ಲೂಕಿನ ಲಚ್ಯಾಣ ಎಂಬ ಊರಿನ ಹೆಸರನ್ನು ಜೋಡಿಸುವಾಗ ಚಕಾರದ ಒಳಗಿನ ಬಿಳುಪು ಮುಚ್ಚಬಾರದು, ಪಕ್ಕಕ್ಕೆ ಬಾಗುವ ಯಕಾರದ ಒತ್ತು ಕೆಳಸಾಲಿಗೆ ತಾಗಬಾರದು, ಣಕಾರದ ಸುರುಳಿಗಳು ಒಂದಕ್ಕೊಂದು ಅಂಟಬಾರದು. ಉಬ್ಬಿದ ಗೆರೆಗಳ ನಡುವೆಯೂ ಓದಲು ಬೇಕಾದಷ್ಟು ಬಿಳಿ ಜಾಗ ಉಳಿದಿರುವುದೇ ಈ ವಿನ್ಯಾಸದ ದೊಡ್ಡ ಗುಣ.

ಮಕ್ಕಳ ಪುಸ್ತಕದ ರಕ್ಷಾಪುಟ, ಭಿತ್ತಿಪತ್ರ, ಅಂಗಡಿ ಫಲಕ, ತಿಂಡಿ ಪೊಟ್ಟಣಗಳಿಗೆ ಇದು ಚೆನ್ನಾಗಿ ಹೊಂದುತ್ತದೆ. ಉದ್ದನೆಯ ಲೇಖನದ ಸಣ್ಣ ಅಕ್ಷರಕ್ಕೆ ಒಗ್ಗದು. ಯೂನಿಕೋಡ್ ಫಾಂಟ್ ಆದ್ದರಿಂದ ಜಾಲತಾಣದಲ್ಲೂ ಮುದ್ರಣದಲ್ಲೂ ಬಳಸಬಹುದು. ಆದರೆ ನುಡಿ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಫಾಂಟುಗಳಲ್ಲಿ ಟೈಪಿಸಿದ ಪಠ್ಯವನ್ನು ಮೊದಲು ಪರಿವರ್ತಿಸಿಕೊಳ್ಳಬೇಕು.

ಮೊದಲ ಆವೃತ್ತಿಯಲ್ಲಿದ್ದುದು ಒಂದೇ ದಪ್ಪ. ನಂತರದ ಬಾಲೂ ತಮ್ಮ 2ರಲ್ಲಿ ಸಾಮಾನ್ಯದಿಂದ ಅತಿ ದಪ್ಪದವರೆಗೆ 5 ದಪ್ಪದ ಹಂತಗಳಿವೆ.