ಮರ ಕೊಯ್ಯಿಸಿಕೊಂಡ ತ್ರೀ ನಾಟ್ ತ್ರೀ

ಎರಡನೇ ಮಹಾಯುದ್ಧ ಮುಗಿದಾಗ ಬ್ರಿಟನ್, ಕೆನಡಾಗಳ ಉಗ್ರಾಣಗಳಲ್ಲಿ ಲಕ್ಷಗಟ್ಟಲೆ ಲೀ ಎನ್‌ಫೀಲ್ಡ್ ರೈಫಲ್‌ಗಳು ಕೆಲಸವಿಲ್ಲದೆ ಉಳಿದವು. ಟೊರಾಂಟೊ ಬಳಿಯ ಲಾಂಗ್ ಬ್ರಾಂಚ್ ಕಾರ್ಖಾನೆಯೊಂದೇ ಸುಮಾರು 9 ಲಕ್ಷ ರೈಫಲ್ ತಯಾರಿಸಿತ್ತು. ಸರ್ಕಾರ ಅಗ್ಗಕ್ಕೆ ಬಿಟ್ಟ ಮಾಲು ರೈತರ, ಮರ ಕಡಿಯುವವರ ಕೈ ಸೇರಿತು. ಹೊಸ ಬೇಟೆ ಕೋವಿ ಕೊಳ್ಳುವ ಶಕ್ತಿ ಇಲ್ಲದ ಮನೆಗಳಿಗೆ ಚಳಿಗಾಲದ ಮೂಸ್ ಮಾಂಸ ತಂದದ್ದು ಈ .303 ಬೋರಿನ ರೈಫಲ್, ಅಂದರೆ ತ್ರೀ ನಾಟ್ ತ್ರೀ.

ಆದರೆ ಯುದ್ಧದ ರೈಫಲ್ ಹೊತ್ತು ಕಾಡು ಸುತ್ತುವುದು ಸುಲಭವಲ್ಲ. ತೂಕ 4 ಕಿಲೋ, ಮೂತಿಯ ತನಕ ಮರ. ಹಾಗಾಗಿ ಮುಂದಿನ ಮರ ಕೊಯ್ದರು, ಮೇಲಿನ ಹೊದಿಕೆ ತೆಗೆದರು, ಕೆಲವರು ನಳಿಗೆಯನ್ನೂ ಮೋಟು ಮಾಡಿದರು. ಬರ್ಮಿಂಗ್‌ಹ್ಯಾಮಿನ ಪಾರ್ಕರ್ ಹೇಲ್ ಕಂಪನಿ ಇದನ್ನೇ ಕಾರ್ಖಾನೆಯ ಅಚ್ಚುಕಟ್ಟಿನಲ್ಲಿ ಮಾಡಿ ಮಾರಿತು. ಆದರೂ ಮನೆಯಂಗಳದಲ್ಲಿ ಗರಗಸ ಹಿಡಿದವರೇ ಹೆಚ್ಚು.

ಸೇನೆಯಲ್ಲಿ ಆರ್ಮರರ್ (ಆಯುಧ ದುರಸ್ತಿಗಾರ) ಆಗಿದ್ದ ನನಗೆ ನೋವಾಗುವುದು ಅಲ್ಲೇ. ಆ ಮರ ಬರೀ ಹಿಡಿಯಲ್ಲ. ಲೀ ಎನ್‌ಫೀಲ್ಡಿನ ಎರಡನೇ ಮಹಾಯುದ್ಧದ ಮಾದರಿಯಾದ ನಂಬರ್ 4 ರೈಫಲಿನಲ್ಲಿ ಮರದ ತುದಿ ನಳಿಗೆಯನ್ನು ಕೆಳಗಿನಿಂದ ಅಳತೆಯ ಒತ್ತಡದಲ್ಲಿ ಎತ್ತಿ ಹಿಡಿದಿರುತ್ತದೆ. ಗುಂಡು ಹಾರಿದಾಗ ನಳಿಗೆಯ ನಡುಕ ಹದಕ್ಕೆ ಬರುವುದು ಅದರಿಂದ. ಆ ಆಧಾರ ಹೋದಮೇಲೆ ಮರವನ್ನು ಮತ್ತೆ ಹೊಂದಿಸಿ ಕೂರಿಸದಿದ್ದರೆ ಗುರಿ ಚೆದುರುತ್ತದೆ. ಹಾಗಂತ ಅಂದಿನವರನ್ನು ಬೈಯಲಾರೆ. ಹಸಿದವರಿಗೆ ಚರಿತ್ರೆ ಕಾಯುವ ಹೊಣೆ ಹೊರಿಸುವುದು ನ್ಯಾಯವಲ್ಲ.

ನಮ್ಮಲ್ಲಿ ಕಥೆ ಬೇರೆ. .303 ಸೇನೆಯ ಮದ್ದುಗುಂಡು, ಸಾಮಾನ್ಯರಿಗೆ ನಿಷಿದ್ಧ. ಅದಕ್ಕೇ ಇಶಾಪುರದ ರೈಫಲ್ ಕಾರ್ಖಾನೆ ಅದೇ ಲೀ ಎನ್‌ಫೀಲ್ಡ್ ಮೈಕಟ್ಟಿಗೆ .315 ಬೋರ್ ಕೂರಿಸಿ ನಾಗರಿಕರ ರೈಫಲ್ ಮಾಡಿತು. ಕೋವಿಗೆ ಕೈಲ್‌ಪೊಳ್ದ್ ಹಬ್ಬದಲ್ಲಿ ಪೂಜೆ ಮಾಡುವ ಕೊಡಗಿನವನಾದ ನಾನು ಇಶಾಪುರದ ಕೆಲಸವನ್ನು ಗೌರವದಿಂದ ನೋಡುತ್ತೇನೆ: ಅದು ನಾಗರಿಕರಿಗೆಂದೇ ತಯಾರಾದ ರೈಫಲ್.

ಈಗ ಕೆನಡಾದಲ್ಲಿ, ಬ್ರಿಟನ್ನಿನಲ್ಲಿ ಮೂಲದ ಮರ, ಪಟ್ಟಿ, ಸೈಟ್ ಹುಡುಕಿ ಕೊಯ್ದವನ್ನು ಮತ್ತೆ ಸೈನಿಕ ರೂಪಕ್ಕೆ ತರುವವರಿದ್ದಾರೆ. ನಳಿಗೆ ಪೂರ್ತಿ ಉಳಿದಿದ್ದು, ಬೋಲ್ಟಿನ ಸಂಖ್ಯೆಯೂ ಮೈಯ ಸಂಖ್ಯೆಯೂ ಒಂದೇ ಆಗಿದ್ದರೆ ಆ ಶ್ರಮ ಸಾರ್ಥಕ. ನಳಿಗೆ ಮೋಟಾಗಿದ್ದರೆ ಬೇಟೆ ಕೋವಿಯಾಗಿಯೇ ಇರಲಿ, ಅದೂ ಅದರ ಚರಿತ್ರೆ. ಅಲ್ಲಿ ನೆಲೆಸಿದ ಕನ್ನಡಿಗರ ಕೈಗೆ ಪರವಾನಗಿಯ ಹಾದಿಯಲ್ಲಿ ಅಂಥದ್ದೊಂದು ಬಂದರೆ ನನ್ನ ಕೋರಿಕೆ ಇಷ್ಟೇ: ಪೂರ್ತಿ ಉಳಿದ ರೈಫಲಿಗೆ ಗರಗಸ ಮುಟ್ಟಿಸಬೇಡಿ.