ಕಾಫಿ ಬೀಜ ಹುರಿಯುವ ಒಲೆ ಯಾರ ಕೈಯಲ್ಲಿ?

ಕಾಫಿ ಹುರಿದ ವಾಸನೆ ಹಿಡಿದು ಮನೆ ಬಾಗಿಲು ಬಡಿಯುವ ಸರ್ಕಾರಿ ಆಳುಗಳು ಒಂದು ಕಾಲದಲ್ಲಿ ಇದ್ದರು. ಊರು ಬರ್ಲಿನ್, ವರ್ಷ 1781. ಪ್ರಷ್ಯಾದ ದೊರೆ ಎರಡನೇ ಫ್ರೆಡರಿಕ್‌ಗೆ ಕಾಫಿಯಿಂದಾಗಿ ದೇಶದ ದುಡ್ಡೆಲ್ಲ ಹೊರಗೆ ಹೋಗುತ್ತಿದೆ ಎಂಬ ಚಿಂತೆ. ಬೀಜ ಹುರಿಯುವ ಹಕ್ಕನ್ನೇ ಸರ್ಕಾರದ ಕೈಗೆ ತೆಗೆದುಕೊಂಡ. ದೊಡ್ಡ ಮನೆತನದವರು, ಅಧಿಕಾರಿಗಳು, ಪಾದ್ರಿಗಳಿಗೆ ಪರವಾನಗಿ ಸಿಗುತ್ತಿತ್ತು. ಬಡವರು ಮಾತ್ರ ಸರ್ಕಾರ ಹುರಿದ ದುಬಾರಿ ಕಾಫಿಯನ್ನೇ ಕೊಳ್ಳಬೇಕು, ಇಲ್ಲವೆ ಬಾಯಿ ಮುಚ್ಚಿಕೊಂಡಿರಬೇಕು.

ಕದ್ದು ಹುರಿಯುವವರನ್ನು ಹಿಡಿಯಲು ಯುದ್ಧದಲ್ಲಿ ಗಾಯಗೊಂಡು ಮನೆಗೆ ಬಂದಿದ್ದ ಹಳೇ ಸೈನಿಕರನ್ನು ನೇಮಿಸಿದರು. ಕೆಲಸ ಒಂದೇ: ಬೀದಿ ಬೀದಿ ಸುತ್ತಿ ಮೂಸುವುದು. ಜನ ಅವರನ್ನು 'ಕಾಫಿ ಮೂಸುವವರು' ಎಂದೇ ಕರೆದರು. ಹಸಿರು ಬೀಜವನ್ನು ಅಕ್ಕಿ ಚೀಲದಲ್ಲಿ ಬಚ್ಚಿಡಬಹುದು, ಹುರಿಯುವ ಘಮವನ್ನು ಎಲ್ಲಿ ಬಚ್ಚಿಡುತ್ತೀರಿ? ಫ್ರೆಡರಿಕ್ 1786ರಲ್ಲಿ ತೀರಿಕೊಂಡ, ಮರುವರ್ಷ ಆ ಕಾನೂನೂ ಹೋಯಿತು.

ಇದೇ ಬರ್ಲಿನ್‌ನಿಂದ 2013ರಲ್ಲಿ ಇನ್ನೊಂದು ಸುದ್ದಿ ಬಂತು. ಬೋನಾವರ್ಡೆ ಎಂಬ ಹೊಸ ಕಂಪನಿ ಒಂದು ಪೆಟ್ಟಿಗೆ ಮಾಡುತ್ತೇವೆ ಅಂದಿತು. ಹುರಿಯದ ಬೀಜ ಹಾಕಿ, ನೀರು ಹಾಕಿ, ಗುಂಡಿ ಒತ್ತಿದರೆ ಸಾಕು. ತಾನೇ ಹುರಿದು, ತಾನೇ ಪುಡಿ ಮಾಡಿ, ತಾನೇ ಕಾಫಿ ಇಳಿಸುತ್ತದೆ. ಯಂತ್ರ ಆಗುವ ಮೊದಲೇ ಜನರಿಂದ ಹಣ ಕೂಡಿಸುವ ಕಿಕ್‌ಸ್ಟಾರ್ಟರ್ ಜಾಲತಾಣದಲ್ಲಿ 6 ಲಕ್ಷ ಡಾಲರ್‌ಗೂ ಹೆಚ್ಚು ಸೇರಿತು.

ಅಷ್ಟೊಂದು ಹಣ ಸೇರಿದ್ದಕ್ಕೆ ತಾಜಾ ಕಾಫಿಯ ಆಸೆ ಒಂದೇ ಕಾರಣವಲ್ಲ. ಬೆಳೆಗಾರ ಬೀಜವನ್ನು ನೇರ ಕುಡಿಯುವವರ ಮನೆಗೆ ಕಳಿಸಲಿ, ನಡುವೆ ಹುರಿಯುವ ಕಂಪನಿಯೇ ಬೇಡ ಎಂದು ಅವರು ಹೇಳಿದರು. ತೋಟದ ಸೀಮೆಯವರಾದ ನಮ್ಮ ಕಿವಿ ನೆಟ್ಟಗಾಗುವುದು ಈ ಮಾತಿಗೆ.

ಹುರಿಯುವ ಒಲೆ ಮನೆಯಿಂದ ಹೊರಗೆ ಹೋಗಿ ಬಹಳ ಕಾಲವೇನೂ ಆಗಿಲ್ಲ. ಅಮೆರಿಕದಲ್ಲಿ 1860ರ ಹೊತ್ತಿಗೂ ಹೆಚ್ಚಿನ ಮನೆಗಳಲ್ಲಿ ಹಸಿರು ಬೀಜ ತಂದು ಬಾಣಲೆಯಲ್ಲೇ ಹುರಿಯುತ್ತಿದ್ದರು. 1864ರಲ್ಲಿ ನ್ಯೂಯಾರ್ಕ್‌ನ ಜಾಬೆಜ್ ಬರ್ನ್ಸ್ ಒಂದು ಹುರಿಯುವ ಪೀಪಾಯಿಗೆ ಪೇಟೆಂಟ್ ಪಡೆದ. ಬೆಂಕಿಯ ಮೇಲಿಂದ ಇಳಿಸದೆಯೇ ಅದು ಬೀಜವನ್ನು ತಾನೇ ಹೊರಗೆ ಸುರಿಯುತ್ತಿತ್ತು. ಕೇಳಲು ಸಣ್ಣ ವಿಷಯ. ಆದರೆ ಒಂದಾದ ಮೇಲೊಂದು ಮಣಗಟ್ಟಲೆ ಹುರಿಯಲು ದಾರಿಯಾದದ್ದು ಅದರಿಂದಲೇ. ಪಿಟ್ಸ್‌ಬರ್ಗ್‌ನ ಜಾನ್ ಆರ್ಬಕಲ್ ಹುರಿದ ಬೀಜವನ್ನು ಕಾಗದದ ಪೊಟ್ಟಣದಲ್ಲಿ ಕಟ್ಟಿ ಮಾರಿದ. ಘಮ ಹೋಗದಿರಲೆಂದು ಬೀಜಕ್ಕೆ ಮೊಟ್ಟೆ, ಸಕ್ಕರೆಯ ಲೇಪ ಬೇರೆ ಬಳಿದ! ಹೆಂಗಸರಿಗೆ ಒಲೆ ಮುಂದಿನ ಒಂದು ಕೆಲಸ ಕಡಿಮೆಯಾಯಿತು, ನಿಜ. ಜೊತೆಗೆ ಬೀಜ ಎಲ್ಲಿಯದು, ಎಂಥದ್ದು ಎಂದು ಕಣ್ಣಾರೆ ನೋಡಿ ಕೊಳ್ಳುವುದೂ ಹೋಯಿತು.

ಪುಡಿ ಮಾಡುವುದು ಮತ್ತು ಇಳಿಸುವುದು ಮಾತ್ರ ಯಂತ್ರದೊಳಗೆ ಸೇರಿ ಮತ್ತೆ ಮನೆಗೆ ಬಂದವು. ಇಟಲಿಯ ಸಾಏಕೋ ಕಂಪನಿ 1985ರಲ್ಲಿ ಬೀಜ ಬೀಸಿ ಕಾಫಿ ಇಳಿಸುವ ಯಂತ್ರವನ್ನು ಮನೆ ಬಳಕೆಗೆ ತಂದಿತು. ಹುರಿಯುವುದು ಕಂಪನಿಯ ಬಳಿಯೇ ಉಳಿಯಿತು.

ನಮ್ಮ ಕಡೆಯೂ ಇದೇ ಕಥೆ, ಸ್ವಲ್ಪ ತಡವಾಗಿ. ಮನೆಯಲ್ಲಿ ಬೀಜ ಹುರಿದು, ಕೈಯಲ್ಲಿ ತಿರುಗಿಸುವ ಮಿಷನ್‌ನಲ್ಲಿ ಪುಡಿ ಮಾಡುತ್ತಿದ್ದವರನ್ನು ಹಿರಿಯರು ಇನ್ನೂ ನೆನೆಯುತ್ತಾರೆ. ಆಮೇಲೆ ಪೇಟೆಯ ಕಾಫಿಪುಡಿ ಅಂಗಡಿ, ಆಮೇಲೆ ಪ್ಯಾಕೆಟ್ಟು. ಬೆಳೆಗಾರರಿಗೆ ಇನ್ನೊಂದು ಕಟ್ಟೂ ಇತ್ತು. 1942ರ ಕಾಫಿ ಕಾಯ್ದೆಯ ಕೆಳಗೆ ಬೆಳೆದದ್ದನ್ನೆಲ್ಲ ಕಾಫಿ ಮಂಡಳಿಯ ಪೂಲ್‌ಗೆ ಕೊಡಬೇಕು. ಮನೆ ಖರ್ಚಿಗೆ, ಬಿತ್ತನೆಗೆ ಒಂದಿಷ್ಟು ಇಟ್ಟುಕೊಳ್ಳಬಹುದಿತ್ತು ಅಷ್ಟೆ. ಹುರಿಯಲು ಅಡ್ಡಿ ಇರಲಿಲ್ಲ, ತನ್ನ ಬೆಳೆ ಹುರಿದು ತಾನೇ ಮಾರುವ ದಾರಿ ಇರಲಿಲ್ಲ. 1992ರಿಂದ ಹಂತ ಹಂತವಾಗಿ ಸಡಿಲಿಸಿ, 1996ರಲ್ಲಿ ಎಲ್ಲರಿಗೂ ಪೂರ್ತಿ ಬಿಟ್ಟುಕೊಟ್ಟರು. ಪೂಲ್ ಕಾಲದಲ್ಲಿ ಬೆಲೆ ಒಮ್ಮೆಲೇ ಬಿದ್ದಾಗ ಸಣ್ಣ ಬೆಳೆಗಾರರಿಗೆ ಒಂದು ಆಸರೆಯಿತ್ತು ಅನ್ನುವವರೂ ಇದ್ದಾರೆ. ಆ ಮಾತನ್ನು ತಳ್ಳಿಹಾಕುವಂತಿಲ್ಲ.

ಬರ್ಲಿನ್‌ನ ಪೆಟ್ಟಿಗೆ ಏನಾಯಿತು? ಹೇಳಿದ ಹೊತ್ತಿಗೆ ಬರಲಿಲ್ಲ. ಕೆಲವರ ಮನೆಗೆ ಬಹಳ ತಡವಾಗಿ ತಲುಪಿತು, ದುಡ್ಡು ಕೊಟ್ಟ ಎಷ್ಟೋ ಮಂದಿ ಕಾದದ್ದೇ ಬಂತು.

ಕೆಲಸವೇ ಕಷ್ಟದ್ದು. ಹುರಿಯಲು 200 ಡಿಗ್ರಿ ದಾಟಿದ ಒಣ ಶಾಖ ಬೇಕು, ಕಾಫಿ ಇಳಿಸಲು ಬಿಸಿ ನೀರು ಬೇಕು. ಎರಡೂ ಅಡುಗೆಮನೆಯ ಒಂದು ಸಣ್ಣ ಪೆಟ್ಟಿಗೆಯಲ್ಲಿ ಕೂರಬೇಕು. ಹುರಿಯುವಾಗ ಹೊಗೆ ಏಳುತ್ತದೆ, ಬೀಜಕ್ಕೆ ಅಂಟಿದ ತೆಳು ಸಿಪ್ಪೆ ಸುಲಿದು ಹಾರುತ್ತದೆ. ರೊಬಸ್ಟಾಗೆ ಒಂದು ಹದವಾದರೆ ಅರೇಬಿಕಾಗೆ ಇನ್ನೊಂದು. ಇನ್ನೂ ಒಂದು ತೊಡಕಿದೆ: ಆಗ ತಾನೇ ಹುರಿದ ಬೀಜದೊಳಗೆ ಇಂಗಾಲದ ಡೈಆಕ್ಸೈಡ್ ತುಂಬಿಕೊಂಡಿರುತ್ತದೆ. ಅದು ಹೋಗಲು ಒಂದೆರಡು ದಿನ ಬಿಡುವುದು ಹುರಿಯುವವರ ರೂಢಿ. ಈ ಪೆಟ್ಟಿಗೆ ಹುರಿದ ಕೂಡಲೇ ಲೋಟಕ್ಕೆ ಇಳಿಸಲು ಹೊರಟಿತ್ತು.

ಹಾಗಂತ ಅವರ ಪ್ರಶ್ನೆ ಸುಳ್ಳಾಗಲಿಲ್ಲ. ಜರ್ಮನಿಯಲ್ಲಿ ಈಗಲೂ ಕಾಫಿಗೆಂದೇ ಪ್ರತ್ಯೇಕ ತೆರಿಗೆ ಇದೆ: ಹುರಿದ ಕಾಫಿಗೆ ಕಿಲೋಗೆ 2.19 ಯೂರೋ, ಹುರಿಯದ ಬೀಜಕ್ಕೆ ಆ ತೆರಿಗೆ ಇಲ್ಲ. ಮೂಸುವ ಸೈನಿಕರು ಹೋದರು, ಸರ್ಕಾರದ ಮೂಗು ಮಾತ್ರ ಇನ್ನೂ ಹುರಿಯುವ ಒಲೆಯ ಮೇಲೆಯೇ ಇದೆ. ಬೆಲೆ ಏರುವುದು ಅಲ್ಲೇ ಎಂದು ಅದಕ್ಕೆ ಗೊತ್ತು.

ದೇಶದ ಕಾಫಿಯಲ್ಲಿ ಸುಮಾರು 70 ಶೇಕಡಾ ಕರ್ನಾಟಕದ್ದು, ಬೆಳೆಯುವವರಲ್ಲಿ ಬಹುಪಾಲು ಸಣ್ಣ ಹಿಡುವಳಿದಾರರು. ಕೊಡಗು ಅರೇಬಿಕಾ, ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾಗಳಿಗೆ 2019ರಲ್ಲಿ ಭೌಗೋಳಿಕ ಸೂಚಕವೂ ಸಿಕ್ಕಿತು. ಆದರೂ ನಮ್ಮಲ್ಲಿ ಹೆಚ್ಚಿನವರು ಇವತ್ತಿಗೂ ಕೇಳುವುದು 50 ಕೆಜಿ ಚೀಲಕ್ಕೆ ಎಷ್ಟು ಎಂದೇ.

ನಮ್ಮ ಅಭಿಪ್ರಾಯ ಕೇಳಿದರೆ, ಒಲೆ ಕುಡಿಯುವವರ ಅಡುಗೆಮನೆಗಿಂತ ಬೆಳೆಯುವವರ ಊರಿನಲ್ಲಿದ್ದರೆ ಲಾಭ ಹೆಚ್ಚು. ಮಲೆನಾಡಿನಲ್ಲಿ ಕೆಲವರು ಸಣ್ಣ ಹುರಿಯುವ ಮಿಷನ್ ಹಾಕಿಕೊಂಡು ರಸ್ತೆ ಬದಿಯಲ್ಲೇ ತೋಟದ ಹೆಸರಿನ ಪುಡಿ ಮಾರುತ್ತಿದ್ದಾರೆ. ಆದರೆ ಲೆಕ್ಕ ಸುಲಭವಲ್ಲ. ಹುರಿದರೆ ಒಂದು ಕಿಲೋ ಬೀಜ 800ರಿಂದ 850 ಗ್ರಾಂಗೆ ಇಳಿಯುತ್ತದೆ. ಹುರಿಯದ ಬೀಜ ತಿಂಗಳುಗಟ್ಟಲೆ ಕೆಡದೆ ಇರುತ್ತದೆ, ಹುರಿದದ್ದು ಕೆಲವೇ ವಾರದಲ್ಲಿ ಘಮ ಕಳೆದುಕೊಳ್ಳುತ್ತದೆ, ಪುಡಿ ಇನ್ನೂ ಬೇಗ. ಒಬ್ಬರೇ ಮಾಡುವುದಕ್ಕಿಂತ ನಾಲ್ಕಾರು ಮನೆಯವರು ಸೇರಿ ಒಂದು ಮಿಷನ್ ತಂದು, ಆರ್ಡರ್ ಬಂದಷ್ಟೇ ಹುರಿದರೆ ನಷ್ಟ ಕಡಿಮೆ.

ಮುಂದಿನ ಸಲ ಸಂತೆಯಲ್ಲಿ ಪುಡಿ ಪ್ಯಾಕೆಟ್ ತೆಗೆದುಕೊಂಡಾಗ ಹಿಂಬದಿ ಓದಿ. ಚಿಕೋರಿ ಬೆರೆಸಿದ್ದರೆ ಎಷ್ಟು ಶೇಕಡಾ ಎಂದು ಬರೆಯಲೇಬೇಕು, ಅದು 49 ದಾಟುವಂತಿಲ್ಲ. ಬೀಜ ಬೆಳೆದ ಊರು, ಹುರಿದ ದಿನ ಬರೆದಿದ್ದಾರಾ ಎಂದೂ ನೋಡಿ.